ಬಿಟ್ಟು ಬಿಟ್ಟು ಓಡಿಸೋ ಮೋಟರು: ಎಂ.ಎಸ್. ಜೊತೆ ಬದುಕೋಕೆ ಒಂದು ತರಬೇತಿ

ನಾನೊಬ್ಬ ಫಿಸಿಯೋಥೆರಪಿಸ್ಟ್. ಊರು ಶಿಡ್ಲಘಟ್ಟ ತಾಲ್ಲೂಕು. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಈ ನಾಲ್ಕೂ ಕಡೆ ಮನೆಗಳಿಗೆ ಹೋಗಿ ವ್ಯಾಯಾಮ ಹೇಳಿಕೊಡೋದು ನನ್ನ ಕೆಲಸ. ಬಹಳಷ್ಟು ಜನ ಸ್ಟ್ರೋಕ್ ಆದವರು, ಮಂಡಿ ಆಪರೇಷನ್ ಮಾಡಿಸಿಕೊಂಡವರು, ಬೈಕಿಂದ ಬಿದ್ದು ಕಾಲು ಮುರ್ಕೊಂಡವರು. ಇವರ ಮಧ್ಯೆ ಅಪರೂಪಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರು ಸಿಗ್ತಾರೆ. ಇವತ್ತಿನ ಮಾತು ಅವರದ್ದು. ಅವರಿಗೆ ಕಲಿಸೋ ತರಬೇತಿ ಬೇರೆಯವರದ್ದಕ್ಕಿಂತ ಯಾಕೆ ಬೇರೆ, ಅದನ್ನ ನಮ್ಮ ಊರುಗಳ ಕೆಲಸಕ್ಕೆ, ಬಿಸಿಲಿಗೆ, ಮನೆಗೆ ಹೇಗೆ ಹೊಂದಿಸ್ತೀವಿ ಅಂತ ಹೇಳ್ತೀನಿ. ನಾನು ಹೇಳೋ ಮನೆಗಳ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ.

ಮೊದಲು ಕಾಯಿಲೆ ಏನು ಅಂತ ಚಿಕ್ಕದಾಗಿ. ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಮಯಲಿನ್ ಅನ್ನೋ ಹೊದಿಕೆ ಇರುತ್ತೆ. ಬೋರ್‌ವೆಲ್ ಒಳಗೆ ಇಳಿಬಿಡೋ ಕೇಬಲ್ ಮೇಲೆ ರಬ್ಬರ್ ಕವರ್ ಇರುತ್ತಲ್ಲ, ಆ ಥರ. ನಮ್ಮನ್ನ ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಆ ಹೊದಿಕೆಯ ಮೇಲೆ ದಾಳಿ ಮಾಡಿದ್ರೆ ಅದು ಎಂ.ಎಸ್. ಕವರ್ ಕಿತ್ತು ಹೋದ ಕಡೆ ಸಂದೇಶ ನಿಧಾನ ಆಗುತ್ತೆ, ಇಲ್ಲಾ ನಿಂತೇ ಹೋಗುತ್ತೆ. ಎಲ್ಲಿ ಕಿತ್ತಿದೆ ಅನ್ನೋದರ ಮೇಲೆ ಲಕ್ಷಣ. ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತೆ, ಇನ್ನೊಬ್ಬರಿಗೆ ಕಾಲು ಎಳೆಯುತ್ತೆ, ಮತ್ತೊಬ್ಬರಿಗೆ ಮೂತ್ರ ತಡೆಯೋಕಾಗಲ್ಲ. ಬಹುತೇಕರಿಗೆ ಇದು ಶುರುವಾಗೋದು 20ರಿಂದ 40 ವರ್ಷದೊಳಗೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಹೆಚ್ಚಿನವರಲ್ಲಿ ಮೊದಮೊದಲು ಬಂದು ಹೋಗೋ ಥರ ಇರುತ್ತೆ: ಒಂದು ಅಟ್ಯಾಕ್, ಕೆಲವು ವಾರ ಕಷ್ಟ, ಆಮೇಲೆ ಸುಮಾರಾಗಿ ಸರಿ ಹೋಗೋದು. ಸರಿ ಹೋಯ್ತಲ್ಲ ಅಂತ ಮನೆಯವರು ಮರೆತೇ ಬಿಡ್ತಾರೆ.

ಇದಕ್ಕೆ ಕನ್ನಡದಲ್ಲಿ ಜನ ಬಳಸೋ ಹೆಸರಿಲ್ಲ. "ನರ ವೀಕ್ನೆಸ್" ಅಂತಾರೆ, "ಲಕ್ವ ಹೊಡೆದಂಗಾಯ್ತು" ಅಂತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ನಾನು "ಜೋಮು ಹಿಡಿಯುತ್ತಾ" ಅಂತ ಕೇಳಿದ್ರೆ ಸುಮ್ಮನೆ ನೋಡ್ತಾರೆ, "ತಿಮ್ಮಿರಿ" ಅಂದ ತಕ್ಷಣ "ಹೂಂ ಮೇಡಂ, ಸೊಂಟದಿಂದ ಕೆಳಗೆಲ್ಲಾ" ಅಂತ ಶುರುಮಾಡ್ತಾರೆ. ತರಬೇತಿ ಅನ್ನೋದು ಇಂಥ ಒಂದು ಪದ ಸಿಗೋದರಿಂದಲೇ ಶುರುವಾಗುತ್ತೆ.

ಎಷ್ಟು ಜನ ಇರಬಹುದು? ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಅಂತ ಲೆಕ್ಕ. ಭಾರತದಲ್ಲಿ ಲಕ್ಷ ಜನಕ್ಕೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಅಂತ ಅಂದಾಜು. 2011ರ ಜನಗಣತಿ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹನ್ನೆರಡೂವರೆ ಲಕ್ಷ ಜನ. ಅಂದ್ರೆ ಇಡೀ ಜಿಲ್ಲೆಗೆ ಸೇರಿ ನೂರರ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಈ ನೂರು ಜನ ಒಂದೇ ಕಡೆ ಇಲ್ಲ. ಒಬ್ಬರು ಚೇಳೂರು ಕಡೆ, ಇನ್ನೊಬ್ಬರು ಮಂಚೇನಹಳ್ಳಿ ಕಡೆ. ಇವರಿಗೋಸ್ಕರ ಇಲ್ಲಿ ಪ್ರತ್ಯೇಕ ಸೆಂಟರ್ ಬರುತ್ತೆ ಅಂತ ಕಾಯೋದು ವ್ಯರ್ಥ ಅನ್ನೋದು ನನ್ನ ಅಭಿಪ್ರಾಯ. ಡಯಾಗ್ನೋಸಿಸ್‌ಗೆ, ಔಷಧಕ್ಕೆ ಬೆಂಗಳೂರಿಗೆ ಹೋಗಲೇಬೇಕು. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೇ ಅಂತ ಒಂದು ವಿಭಾಗ ಇದೆ. ಒಮ್ಮೆ ಅಲ್ಲಿಗೆ ಹೋಗಿ ಬಂದವರಿಗೆ ದಾರಿ ಗೊತ್ತಾಗುತ್ತೆ. ಆದ್ರೆ ದಿನದಿನದ ಕಲಿಕೆ ನಡಿಬೇಕಾಗಿರೋದು ಹುಳದ ಮನೆಯಲ್ಲಿ, ಟೊಮೆಟೊ ತೋಟದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲಿ.

ಇಲ್ಲೊಂದು ಹಳೇ ಕಥೆ ಹೇಳ್ಬೇಕು. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಒಂದು ವಿಷಯ ಬರೆದಿಟ್ಟರು. ಎಂ.ಎಸ್. ಇದ್ದ ಕೆಲವು ರೋಗಿಗಳಿಗೆ ಮೈ ದಣಿಯೋ ಹಾಗೆ ಓಡಾಡಿದ ಮೇಲೆ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತೆ ಅಂತ. ಅದಕ್ಕೆ ಕಾರಣ ದೇಹದ ಬಿಸಿ ಏರೋದು ಅಂತ ಆಮೇಲೆ ಗೊತ್ತಾಯ್ತು. ಹೊದಿಕೆ ಹಾಳಾದ ನರದಲ್ಲಿ ಮೈ ಬಿಸಿ ಅರ್ಧ ಡಿಗ್ರಿ ಏರಿದ್ರೂ ಸಂದೇಶ ತಡವರಿಸಬಹುದು. ಮೈ ತಣ್ಣಗಾದ ಮೇಲೆ ಸರಿ ಹೋಗುತ್ತೆ. ಹೊಸ ಹಾನಿ ಏನೂ ಆಗಿರಲ್ಲ. ಆದರೂ ವೈದ್ಯರು ಹೆದರಿದರು. ಎಂ.ಎಸ್. ಇದ್ದವರು ವ್ಯಾಯಾಮ ಮಾಡಬಾರದು, ಶಕ್ತಿ ಉಳಿಸಿಕೊಂಡು ಮಲಗಿರಬೇಕು ಅನ್ನೋ ಸಲಹೆ ದಶಕಗಟ್ಟಲೆ ನಡೀತು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಜಾಕ್ ಪೆಟಾಜನ್ ಮತ್ತು ಜೊತೆಗಾರರು 54 ಜನರ ಮೇಲೆ ಮಾಡಿದ ಅಧ್ಯಯನ ಹೊರಬಂತು. ಅರ್ಧ ಜನಕ್ಕೆ 15 ವಾರ, ವಾರಕ್ಕೆ ಮೂರು ಸಲ, ಪ್ರತಿ ಸಲ 40 ನಿಮಿಷ ವ್ಯಾಯಾಮ. ಅವರ ಕಸುವು ಹೆಚ್ಚಿತು, ಮನಸ್ಸು ಹಗುರಾಯ್ತು, ಕಾಯಿಲೆ ಕೆರಳಲಿಲ್ಲ. ಅಲ್ಲಿಂದ ದಿಕ್ಕೇ ಬದಲಾಯ್ತು. ಈಗ ವ್ಯಾಯಾಮವನ್ನ ಚಿಕಿತ್ಸೆಯ ಭಾಗ ಅಂತಲೇ ಹೇಳ್ತಾರೆ.

ಆದ್ರೆ ನಮ್ಮ ಊರುಗಳಿಗೆ ಈ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ಇಲ್ಲಿ ಎರಡೇ ಸಲಹೆ ಕೇಳಿಸೋದು. "ಹುಷಾರು, ಏನೂ ಮಾಡಬೇಡ, ಮಲಗು." ಇಲ್ಲಾಂದ್ರೆ, "ಎದ್ದು ಕೆಲಸ ಮಾಡು, ಮೈ ಬಗ್ಗಿಸಿದ್ರೆ ಎಲ್ಲಾ ಸರಿಹೋಗುತ್ತೆ." ಎರಡೂ ಕೆಲಸಕ್ಕೆ ಬರಲ್ಲ.

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯ ಅಕ್ಕನ ವಿಷಯ ಹೇಳ್ತೀನಿ. ವಯಸ್ಸು ಮೂವತ್ತೊಂದು. ಇಬ್ಬರು ಮಕ್ಕಳು. ಮನೆಯಲ್ಲಿ ರೇಷ್ಮೆ ಹುಳ ಸಾಕ್ತಾರೆ. ಹುಳ ಸಾಕೋ ಮನೆ ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ: ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಗೂಡು ಕಟ್ಟೋವರೆಗಿನ ಏಳೆಂಟು ದಿನ ಇಡೀ ಮನೆ ನಿದ್ದೆ ಬಿಡುತ್ತೆ. ಅದು ಬದುಕಿಡೀ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ತಿನ್ನೋದು ಆಗಲೇ. ಸೊಪ್ಪು ಕಡಿಬೇಕು, ಹೊರಬೇಕು, ಹೊತ್ತು ಹೊತ್ತಿಗೆ ಹಾಕಬೇಕು. ಆ ವಾರ ಯಾರೂ ಸುಸ್ತು ಅನ್ನೋ ಹಾಗಿಲ್ಲ. ಈ ಅಕ್ಕ ಅಂದ್ಲು. ಅತ್ತೆಗೆ ಸಿಟ್ಟು. "ನೋಡೋಕೆ ಗುಂಡುಕಲ್ಲಿನಂಗೆ ಇದ್ದಾಳೆ, ಬೆಳಗ್ಗೆ ಚೆನ್ನಾಗಿ ಓಡಾಡ್ತಾಳೆ, ಕೆಲಸ ಬಂದಾಗ ಬೀಳ್ತಾಳೆ" ಅಂತ. ತವರಿಗೆ ಕಳಿಸೋ ಮಾತೂ ಬಂದಿತ್ತು. ಎಂ.ಎಸ್. ಅಂತ ಗೊತ್ತಾಗಿ ಒಂದೂವರೆ ವರ್ಷ ಆಗಿತ್ತು. ಔಷಧ ನಡೀತಿತ್ತು. ಆ ಸುಸ್ತೂ ಕಾಯಿಲೆಯ ಭಾಗವೇ ಅಂತ ಆ ಮನೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನಾನು ಮೊದಲ ದಿನ ಯಾವ ವ್ಯಾಯಾಮವನ್ನೂ ಮಾಡಿಸಲಿಲ್ಲ. ಒಂದು ವಾರ ವಾಟ್ಸ್ಯಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸು ಅಂದೆ. ದಿನಕ್ಕೆ ನಾಲ್ಕು ಸಲ, ಎರಡೇ ಮಾತು: ಈಗೇನು ಮಾಡಿದೆ, ಸುಸ್ತು ಹತ್ತಕ್ಕೆ ಎಷ್ಟು. ವಾರದ ಕೊನೆಗೆ ಕೂತು ಕೇಳಿದ್ರೆ ಚಿತ್ರ ಸ್ಪಷ್ಟ. ಬೆಳಗಿನ ಜಾವ ಐದರಿಂದ ಒಂಬತ್ತರವರೆಗೆ ಅವಳು ಯಾರಿಗೂ ಕಮ್ಮಿ ಇಲ್ಲ. ಹನ್ನೊಂದಾದ ಮೇಲೆ ಎಂಟು, ಒಂಬತ್ತು. ಅದರಲ್ಲೂ ತಲೆಗೆ ನೀರು ಹಾಕ್ಕೊಂಡ ದಿನ ಹತ್ತಕ್ಕೆ ಹತ್ತು, ಗೋಡೆ ಹಿಡ್ಕೊಂಡು ಬಚ್ಚಲಿಂದ ಬರಬೇಕು. ಹಂಡೆ ಒಲೆಯ ಸುಡು ನೀರು ಅವಳ ನರಕ್ಕೆ ಆಗ್ತಿರಲಿಲ್ಲ. ಊಟ್‌ಹಾಫ್ ಬರೆದದ್ದು ಇದನ್ನೇ. ಹಿಂದೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತಾ ನೋಡಿ ಎಂ.ಎಸ್. ಪತ್ತೆ ಮಾಡ್ತಿದ್ದ ಕಾಲವೂ ಇತ್ತು. ಹಾಗಾಗಿ ಮೊದಲ ಪಾಠ ಸ್ನಾನದ್ದು. ಉಗುರುಬೆಚ್ಚಗಿನ ನೀರು, ಸಂಜೆ ಹೊತ್ತು, ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು.

ಇದೇ ಕಾರಣಕ್ಕೆ ಇನ್ನೊಂದು ಮಾತು. ನೂಲು ಬಿಚ್ಚಾಣಿಕೆ ಕೆಲಸದಲ್ಲಿ ಇರೋರಿಗೆ ಎಂ.ಎಸ್. ಬಂದ್ರೆ ಕುದಿಯೋ ನೀರಿನ ಹಬೆ ಎದುರು ಗಂಟೆಗಟ್ಟಲೆ ಕೂರೋದು ಬಹಳ ಕಷ್ಟ. ಗೂಡು ವಿಂಗಡಿಸೋದು, ಲೆಕ್ಕ ಬರೆಯೋದು, ಹೀಗೆ ಹಬೆಯಿಂದ ದೂರದ ಕೆಲಸಕ್ಕೆ ಬದಲಾಯಿಸಿಕೊಳ್ಳೋದನ್ನ ಮಾತಾಡಿ ನೋಡಬೇಕು. ಹಾಗೇ, ಲಕ್ವಕ್ಕೆ ಅಂತ ಬಿಸಿ ಎಣ್ಣೆ ತಿಕ್ಕಿ ಹಬೆ ಕೊಡಿಸೋ ಮನೆಗಳಿವೆ. ಬೇಡ ಅಂತ ಜಗಳ ಆಡಲ್ಲ ನಾನು. "ಹಬೆ ಕೊಟ್ಟ ಮೇಲೆ ಕಾಲು ಎತ್ತಿಸಿ ನೋಡಿ, ಮೊದಲು ಎಷ್ಟು ಎತ್ತುತ್ತಿದ್ರು ಅಂತ ಹೋಲಿಸಿ" ಅಂತೀನಿ. ಅವರೇ ನಿಲ್ಲಿಸ್ತಾರೆ.

ಅತ್ತೆಗೆ ಹೇಳೋದು ಹೇಗೆ? ಮಯಲಿನ್ ಅಂದ್ರೆ ಆಗುತ್ತಾ? ಅಂಗಳದಲ್ಲಿ ಕೂತಿದ್ದಾಗ ಕೇಳಿದೆ: "ಅಮ್ಮ, ನಿಮ್ಮ ಬೋರು ಎಷ್ಟೊತ್ತು ಓಡುತ್ತೆ?" ಅವರು ಅಂದ್ರು, "ಎಲ್ಲಿ ಓಡುತ್ತೆ ತಾಯಿ, ಅರ್ಧ ಗಂಟೆ ಬಿಟ್ರೆ ಗಾಳಿ ಹಿಡಿಯುತ್ತೆ. ಒಂದು ಗಂಟೆ ನಿಲ್ಲಿಸಿ ಮತ್ತೆ ಹಾಕಬೇಕು. ಒಂದೇ ಸಮ ಬಿಟ್ರೆ ಮೋಟರ್ ಸುಟ್ಟು ಹೋಗುತ್ತೆ." ನಮ್ಮದು ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಜಿಲ್ಲೆ, ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಈ ಲೆಕ್ಕ ಇಲ್ಲಿ ಎಲ್ಲರಿಗೂ ಬರುತ್ತೆ. "ನಿಮ್ಮ ಸೊಸೆ ಮೈಯಲ್ಲಿರೋದೂ ಅಂಥದ್ದೇ ಬೋರು ಅಮ್ಮ. ನೀರಿದೆ, ಇಲ್ಲ ಅಂತಲ್ಲ. ಬಿಟ್ಟು ಬಿಟ್ಟು ಓಡಿಸಬೇಕು" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಮಧ್ಯಾಹ್ನದ ಸೊಪ್ಪು ಮಗ ಹಾಕ್ಲಿ" ಅಂದ್ರು.

ಇದಕ್ಕೆ ನಮ್ಮ ಪುಸ್ತಕದಲ್ಲಿ ಪೇಸಿಂಗ್ ಅಂತಾರೆ. ಸುಸ್ತಾದ ಮೇಲೆ ಕೂರೋದಲ್ಲ, ಸುಸ್ತಾಗೋಕೆ ಮುಂಚೆ ಕೂರೋದು. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿರಾಮ. ವಿರಾಮ ಅಂದ್ರೆ ಮೊಬೈಲ್ ನೋಡೋದಲ್ಲ ಮತ್ತೆ, ಕಣ್ಣು ಮುಚ್ಚಿ ಒರಗೋದು. ಕಷ್ಟದ ಕೆಲಸ ಬೆಳಗಿನ ಜಾವಕ್ಕೆ. ತರಕಾರಿ ಹೆಚ್ಚೋದು ನಿಂತು ಮಾಡೋ ಬದಲು ಕೂತು. ಕುತ್ತಿಗೆಗೆ ಒದ್ದೆ ಟವೆಲ್. ಇದೆಲ್ಲ ಸರಿ ಹೋದ ಮೇಲೇ ವ್ಯಾಯಾಮ ಶುರು ಮಾಡಿದ್ವಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಐದರಿಂದ ಶುರು. ಕಣಕಾಲಿನ ಸ್ನಾಯು ಎಳೆದು ಹಿಡಿಯೋದು. ಅಡುಗೆಮನೆ ಕಟ್ಟೆ ಹಿಡ್ಕೊಂಡು ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಇಟ್ಟು ಗೆರೆ ಮೇಲೆ ನಡೆಯೋದು. ವಾರಕ್ಕೆ ಒಂದೊಂದೇ ಹೆಚ್ಚಿಸ್ತಾ ಹೋಗೋದು. ಏರೋದು ನಿಧಾನ. ನಾಲ್ಕು ತಿಂಗಳಾಗಿದೆ, ಈಗ ಹದಿನೈದು ಸಲ ಏಳ್ತಾಳೆ. ಹುಳ ಹಣ್ಣಾಗೋ ವಾರ ಈಗಲೂ ಕಷ್ಟವೇ. ಆ ವಾರ ವ್ಯಾಯಾಮ ಅರ್ಧಕ್ಕೆ ಇಳಿಸ್ತೀವಿ, ಬಿಡಲ್ಲ.

ಇನ್ನೊಂದು ವಿಷಯ ಅವಳು ಮೂರನೇ ಭೇಟಿಯಲ್ಲಿ, ಅತ್ತೆ ಹೊರಗೆ ಹೋದಾಗ ಹೇಳಿದ್ದು. ತೋಟಕ್ಕೆ ಹೋಗೋ ದಿನ ನೀರೇ ಕುಡಿಯಲ್ಲ ಅಂತ. ಮೂತ್ರ ಬಂತು ಅಂದ್ರೆ ತಡೆಯೋಕಾಗಲ್ಲ, ಹತ್ತಿರ ಶೌಚಾಲಯ ಇಲ್ಲ. ಎಂ.ಎಸ್. ಇರೋ ಬಹಳ ಜನಕ್ಕೆ ಇದಿದೆ, ಯಾರೂ ಬಾಯಿ ಬಿಡಲ್ಲ. ನೀರು ಬಿಟ್ರೆ ಮೂತ್ರ ಗಟ್ಟಿಯಾಗಿ ಸೋಂಕು ಬರುತ್ತೆ, ಸೋಂಕಿಂದ ಜ್ವರ, ಜ್ವರದಿಂದ ಕಾಲು ಬೀಳುತ್ತೆ, ಆಗ ಎಲ್ಲರೂ ಹೊಸ ಅಟ್ಯಾಕ್ ಅಂತ ಬೆಂಗಳೂರಿಗೆ ಓಡ್ತಾರೆ. ಕಲಿಸಿದ್ದು ಇಷ್ಟೇ: ಬಂದಾಗ ಓಡೋದಲ್ಲ, ಗಡಿಯಾರ ನೋಡಿ ಎರಡೆರಡು ಗಂಟೆಗೆ ಹೋಗೋದು. ನೀರನ್ನ ದಿನವಿಡೀ ಸ್ವಲ್ಪ ಸ್ವಲ್ಪ ಹಂಚಿ ಕುಡಿಯೋದು, ರಾತ್ರಿ ಮಲಗೋ ಮುಂಚೆ ಕಮ್ಮಿ ಮಾಡೋದು. ಪೂರ್ತಿ ಖಾಲಿ ಆಗದೆ ಉಳಿದ್ರೆ ಶುದ್ಧವಾದ ತೆಳು ಕೊಳವೆ ಹಾಕ್ಕೊಂಡು ತಾವೇ ಖಾಲಿ ಮಾಡ್ಕೊಳ್ಳೋದನ್ನ ಆಸ್ಪತ್ರೆಯಲ್ಲಿ ಕಲಿಸ್ತಾರೆ. ಕೇಳೋಕೆ ಭಯ ಅನಿಸುತ್ತೆ, ಕಲಿತವರು "ಮದುವೆ ಮನೆಗೆ ಹೋಗೋಕಾಯ್ತು" ಅಂತಾರೆ.

ಗೌರಿಬಿದನೂರಿನ ಕಥೆ ಬೇರೆ ಥರ. ಇಪ್ಪತ್ತಾರರ ಹುಡುಗ, ಬೆಂಗಳೂರಿಗೆ ರೈಲಲ್ಲಿ ಹೋಗಿ ಬಂದು ಕೆಲಸ ಮಾಡ್ತಾನೆ. ಆಫೀಸಲ್ಲಿ ಯಾರಿಗೂ ಹೇಳಿಲ್ಲ. ಸ್ಟೇಷನ್ನಿಂದ ಹೊರಟಾಗ ನಡಿಗೆ ಸರಿಯಾಗೇ ಇರುತ್ತೆ, ಅರ್ಧ ಕಿಲೋಮೀಟರ್ ಆದ್ಮೇಲೆ ಬಲ ಪಾದ ಜೋತು ಬೀಳುತ್ತೆ, ಬೆರಳು ನೆಲಕ್ಕೆ ತಾಗಿ ಎಡವುತ್ತಾನೆ. ಬೆಳಗ್ಗೆ ಹತ್ತು ಗಂಟೆಗೇ ಕುಡಿದು ಬಂದಿದ್ದಾನೆ ಅಂತ ಯಾರೋ ಅಂದರಂತೆ. ಅವನಿಗೆ ನೋವಾಗಿದ್ದು ಬಿದ್ದದ್ದಕ್ಕಿಂತ ಆ ಮಾತಿಗೆ.

ಅವನ ಜೊತೆ ನಾನು ದೂರ ಅಳೆದೆ. ಪಾದ ಬೀಳೋದು ಸುಮಾರು 550 ಮೀಟರಿಗೆ. ಹಾಗಾದ್ರೆ 350ಕ್ಕೆ ಕೂರಬೇಕು. ದಾರಿಯಲ್ಲಿ ಒಂದು ಟೀ ಅಂಗಡಿ ಸಿಗುತ್ತೆ, ಅದನ್ನೇ ನಿಲ್ದಾಣ ಮಾಡ್ಕೊಂಡ್ವಿ. ಪಾದ ಎತ್ತಿ ಹಿಡಿಯೋ ಎ.ಎಫ್.ಒ. ಅನ್ನೋ ಹಗುರ ಪಟ್ಟಿ ಶೂ ಒಳಗೇ ಕೂರುತ್ತೆ, ಪ್ಯಾಂಟ್ ಕೆಳಗೆ ಕಾಣಲ್ಲ. ಹವಾಯಿ ಚಪ್ಪಲಿ ಬೇಡ, ಹಿಂದೆ ಬೆಲ್ಟ್ ಇರೋದು ಹಾಕು ಅಂದೆ. ಎಂ.ಎಸ್. ಇರೋರಿಗೆ ಪಾದದ ಸ್ಪರ್ಶ ಕಮ್ಮಿ ಆದಾಗ ಸಮತೋಲನಕ್ಕೆ ಕಣ್ಣೇ ಆಧಾರ. ಕತ್ತಲಾದ್ರೆ, ಕರೆಂಟ್ ಹೋದ್ರೆ ಬೀಳ್ತಾರೆ. ಹಾಗಾಗಿ ರಾತ್ರಿ ಬಚ್ಚಲಿಗೆ ಹೋಗುವಾಗ ಟಾರ್ಚ್ ಕೈಯಲ್ಲಿರಲೇಬೇಕು, ಮೊಬೈಲ್ ಕುತ್ತಿಗೆಗೆ ನೇತುಹಾಕಿಕೊಂಡ್ರೂ ಪರವಾಗಿಲ್ಲ. ಇದು ವ್ಯಾಯಾಮದಷ್ಟೇ ಮುಖ್ಯ.

ಅವನ ಫೋನ್ ತುಂಬಾ ರೀಲ್ಸ್. "21 ದಿನದಲ್ಲಿ ಎಂ.ಎಸ್. ಮಾಯ", "ಸ್ಟೆಮ್ ಸೆಲ್ ಒಂದೇ ಇಂಜೆಕ್ಷನ್." ನಾನು ಅವನಿಗೆ ಅವನದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನ ನೆನಪಿಸಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ ಮನುಷ್ಯ. ರೀಲ್ಸ್ ಡಾಕ್ಟರಿಗೂ ಅದೇ ಪ್ರಶ್ನೆ ಹಾಕು: ಎಷ್ಟು ಜನಕ್ಕೆ ಕೊಟ್ಟೆ, ಕೊಡದವರ ಜೊತೆ ಹೋಲಿಸಿದ್ಯಾ, ಎಲ್ಲಿ ಪ್ರಕಟ ಆಗಿದೆ? ಎಂ.ಎಸ್. ತಾನಾಗೇ ಏರಿ ಇಳಿಯೋ ಕಾಯಿಲೆ. ಇಳಿಯೋ ಸಮಯದಲ್ಲಿ ಏನು ಕೊಟ್ರೂ ವಾಸಿ ಆಯ್ತು ಅನಿಸುತ್ತೆ. ಇವತ್ತಿಗೆ ಇದಕ್ಕೆ ಪೂರ್ತಿ ಗುಣ ಮಾಡೋ ಔಷಧ ಇಲ್ಲ. ಅಟ್ಯಾಕ್ ಕಮ್ಮಿ ಮಾಡೋ ಒಳ್ಳೆ ಔಷಧಗಳಿವೆ. ಅವನ್ನ ಬಿಟ್ಟು ವ್ಯಾಯಾಮ ಮಾಡ್ತೀನಿ ಅಂದ್ರೂ ನಾನು ಒಪ್ಪಲ್ಲ. ತರಬೇತಿ ಔಷಧದ ಬದಲಿ ಅಲ್ಲ.

ಅವನು ಬಹಳ ದಿನ ಒಂದು ಪ್ರಶ್ನೆ ಕೇಳ್ತಿದ್ದ: ಕಾಲು ಹೀಗಾದಾಗಲೆಲ್ಲ ಆಸ್ಪತ್ರೆಗೆ ಓಡಬೇಕಾ? ಬಿಸಿಲಲ್ಲಿ, ಓಡಾಡಿದಾಗ ಬಂದು, ತಣ್ಣಗೆ ಕೂತಾಗ ಹೋದ್ರೆ ಅದು ಹೊಸ ಅಟ್ಯಾಕ್ ಅಲ್ಲ. ಜ್ವರ, ಸೋಂಕು ಯಾವುದೂ ಇಲ್ಲದೆ ಹೊಸ ಲಕ್ಷಣ ಬಂದು 24 ಗಂಟೆ ಮೀರಿ ಉಳಿದ್ರೆ ತಡ ಮಾಡದೆ ನರರೋಗ ತಜ್ಞರಿಗೆ ಫೋನ್ ಮಾಡಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ. ಉಳಿದ ಅರ್ಧಕ್ಕೆ, ಮನಸ್ಸು ಕುಗ್ಗಿದಾಗ, ಟೆಲಿ ಮನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಂ.ಎಸ್. ಇರೋರಲ್ಲಿ ಖಿನ್ನತೆ ಸಾಮಾನ್ಯ. ಅದು ಹೇಡಿತನ ಅಲ್ಲ, ಕಾಯಿಲೆ ಮೆದುಳಿನದ್ದೇ ಅಲ್ವಾ.

ಚಿಂತಾಮಣಿ ಕಡೆ ಒಬ್ಬರು ಅಣ್ಣ ಇದ್ದಾರೆ, ಐವತ್ತು ದಾಟಿದೆ. ಒಂದು ಕಾಲಕ್ಕೆ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಎರಡೆರಡು ಎತ್ತಿ ಗಾಡಿಗೆ ಹಾಕ್ತಿದ್ದವರು. ಈಗ ಹಾಸಿಗೆ, ವೀಲ್‌ಚೇರ್. ಅವರ ಮನೆಯಲ್ಲಿ ನಾನು ತರಬೇತಿ ಕೊಡೋದು ಹೆಂಡತಿಗೆ, ಮಗನಿಗೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸೋದು. ಹಿಮ್ಮಡಿ, ಬಾಲದೆಲುಬು, ಸೊಂಟದ ಪಕ್ಕ ಕೆಂಪಗಾಗಿದೆಯಾ ಅಂತ ದಿನಾ ಬೆಳಕಲ್ಲಿ ನೋಡೋದು. ಬಿಗಿದ ಕಾಲನ್ನ ಜಗ್ಗದೆ ನಿಧಾನಕ್ಕೆ ಎಳೆದು ಅರ್ಧ ನಿಮಿಷ ಹಿಡಿಯೋದು. ನೀರು ಕುಡಿಯುವಾಗ ಕೆಮ್ಮು ಬಂದ್ರೆ ನೆಟ್ಟಗೆ ಕೂರಿಸಿ ಗದ್ದ ಸ್ವಲ್ಪ ಕೆಳಗಿಟ್ಟು ಗುಟುಕು ಗುಟುಕಾಗಿ ಕೊಡೋದು, ಮತ್ತೆ ಮತ್ತೆ ಹಾಗಾದ್ರೆ ಡಾಕ್ಟರಿಗೆ ತಿಳಿಸೋದು. ಮಗ ಅಪ್ಪನನ್ನ ಕಂಕುಳಿಗೆ ಕೈಹಾಕಿ ಎತ್ತಿ ಎತ್ತಿ ಬೆನ್ನು ನೋವು ತಂದ್ಕೊಂಡಿದ್ದ. ಸೊಂಟಕ್ಕೆ ಬೆಡ್‌ಶೀಟ್ ಸುತ್ತಿ, ಮಂಡಿ ಬಗ್ಗಿಸಿ, "ಒಂದು, ಎರಡು, ಮೂರು" ಅಂತ ಅಪ್ಪನೂ ಮುಂದಕ್ಕೆ ಬಾಗೋ ಹಾಗೆ ಮಾಡಿ ಕುರ್ಚಿಗೆ ಜಾರಿಸೋದು ಕಲಿತ. ಅಪ್ಪನಿಗೂ ತನ್ನನ್ನ ಮೂಟೆ ಥರ ಎತ್ತುತ್ತಿಲ್ಲ ಅನ್ನೋ ಸಮಾಧಾನ. ಕೂರೋ ಪಾಯಿಖಾನೆ ಕಟ್ಟಿಸೋಕೆ ದುಡ್ಡಿರಲಿಲ್ಲ, ಹಳೇ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆಸಿ, ಅಲುಗಾಡದ ಹಾಗೆ ಕಾಲಿಗೆ ಹಲಗೆ ಹೊಡೆಸಿದ್ವಿ. ಆ ಮನೆಯ ಅಕ್ಕ ಎರಡು ವರ್ಷದಿಂದ ತವರಿಗೆ ಹೋಗಿರಲಿಲ್ಲ. ಮಗನಿಗೆ ಎಲ್ಲ ಬಂದ ಮೇಲೆ ಎರಡು ದಿನ ಹೋಗಿ ಬಂದ್ರು. ನನ್ನ ಲೆಕ್ಕದಲ್ಲಿ ಅದು ಆ ತರಬೇತಿಯ ದೊಡ್ಡ ಫಲ.

ಈ ಅಣ್ಣನ ಹತ್ತಿರ ಕೂತಾಗಲೆಲ್ಲ ನನಗೆ ಅನಿಸೋದು, ಇದೇ ಕೈಗಳಿಗೆ, ಇದೇ ಕಾಲುಗಳಿಗೆ ಹದಿನೈದು ವರ್ಷ ಮುಂಚೆ, ಅವರಿನ್ನೂ ಬಾಕ್ಸ್ ಎತ್ತುತ್ತಿದ್ದ ಕಾಲದಲ್ಲಿ ಯಾರಾದ್ರೂ ಕಲಿಸಿದ್ರೆ ಎಷ್ಟೋ ಉಳೀತಿತ್ತು ಅಂತ. ಪುನರ್ವಸತಿ ಅಂದ್ರೆ ಎಲ್ಲ ಹೋದ ಮೇಲೆ ಅಂತ ಜನ ಅಂದ್ಕೊಂಡಿದ್ದಾರೆ. ಎಂ.ಎಸ್.ನಲ್ಲಿ ಅದು ಶುರುವಾಗಬೇಕಾದ್ದು ಮೊದಲ ಅಟ್ಯಾಕ್ ಆಗಿ ಎದ್ದು ಓಡಾಡೋ ದಿನಗಳಲ್ಲಿ.

ಕೊನೆಗೆ ಚಿಕ್ಕಬಳ್ಳಾಪುರ, ಅಂದ್ರೆ ಕಾಗದದ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಅದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಸ್ಪಷ್ಟವಾಗಿ ಇದೆ. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಇರಬೇಕು. ತೊಡಕಿರೋದು ಇಲ್ಲೇ. ಬೆಳಗ್ಗೆ ಹತ್ತಕ್ಕೆ, ಫ್ಯಾನ್ ಕೆಳಗೆ, ಚೆನ್ನಾಗಿರೋ ದಿನ ಪರೀಕ್ಷೆ ಮಾಡಿದ್ರೆ ಶಿಡ್ಲಘಟ್ಟದ ಆ ಅಕ್ಕ ಸರಾಗವಾಗಿ ನಡೀತಾಳೆ. ಸುಸ್ತು ಕಣ್ಣಿಗೆ ಕಾಣಲ್ಲ. ಅದಕ್ಕೇ ನಾನು ಹೇಳೋದು: ಹೋಗುವಾಗ ಎಲ್ಲ ಎಂ.ಆರ್.ಐ., ಹಳೇ ಡಿಸ್ಚಾರ್ಜ್ ಕಾಗದ, ಕಣ್ಣಿನ ರಿಪೋರ್ಟು ತಗೊಂಡು ಹೋಗಿ. ಕೆಟ್ಟ ದಿನದಲ್ಲಿ ನಡೆಯೋ ವಿಡಿಯೋ ಫೋನಲ್ಲಿ ಇಟ್ಕೊಂಡು ಡಾಕ್ಟರಿಗೆ ತೋರಿಸಿ. ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕೆಲಸದಲ್ಲಿ ಇರೋರನ್ನ, ಅಂಗವೈಕಲ್ಯ ಬಂತು ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ. ಇದೂ ಗೊತ್ತಿರಲಿ.

2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರುವಾದಾಗ ಪ್ರಾಯೋಗಿಕವಾಗಿ ಆರಿಸಿದ ಕಡೆಗಳಲ್ಲಿ ಕೋಲಾರದ ಜೊತೆ ನಮ್ಮ ಚಿಕ್ಕಬಳ್ಳಾಪುರವೂ ಇತ್ತು. ಅದರ ಗಮನ ಮುಖ್ಯವಾಗಿ ಸ್ಟ್ರೋಕ್, ಮೂರ್ಛೆ, ತಲೆನೋವು, ಮರೆವಿನ ಕಾಯಿಲೆ ಮೇಲೆ. ಜಾಸ್ತಿ ಜನಕ್ಕೆ ಬರೋದು ಅವೇ, ತಪ್ಪೇನಿಲ್ಲ. ಆದ್ರೆ ನರದ ಕಾಯಿಲೆಗೆ ಊರ ಹತ್ತಿರವೇ ಒಂದು ಬಾಗಿಲು ತೆರೆದಿದೆಯಲ್ಲ, ಎಂ.ಎಸ್. ಇರೋರೂ ಅದನ್ನ ತಟ್ಟಬಹುದು.

ನನಗೆ ಅದಕ್ಕಿಂತ ಹೆಚ್ಚು ಭರವಸೆ ಇರೋದು ಇನ್ನೊಬ್ಬರ ಮೇಲೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಎಲ್ಲರೂ ವಿ.ಆರ್.ಡಬ್ಲ್ಯೂ. ಅಂತಾರೆ. ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ. ಇವರಲ್ಲಿ ಬಹಳಷ್ಟು ಜನ ಸ್ವತಃ ವಿಕಲಚೇತನರೇ. ಬಿಸಿಲಲ್ಲಿ ತ್ರಿಚಕ್ರ ಸ್ಕೂಟರ್ ಓಡಿಸ್ಕೊಂಡು ಪಿಂಚಣಿ ಅರ್ಜಿ, ಕಾರ್ಡು ಅಂತ ಮನೆಮನೆ ತಿರುಗ್ತಾರೆ. ಗೌರವಧನ ಸಣ್ಣದು, ಕೆಲಸ ದೊಡ್ಡದು. ಎಂ.ಎಸ್. ಬಗ್ಗೆ ಇವರಿಗೆ ಅರ್ಧ ದಿನದ ಪಾಠ ಸಾಕು. ಸುಸ್ತು, ಬಿಸಿ, ಮೂತ್ರ, ಬೀಳೋದು, ಹುಣ್ಣು. ಈ ಐದು ಪ್ರಶ್ನೆ ಕೇಳೋಕೆ ಬಂದ್ರೆ ಆ ಮನೆಗೆ ನಾನು ತಿಂಗಳಿಗೊಮ್ಮೆ ಹೋದ್ರೂ ನಡೆಯುತ್ತೆ. ಇಬ್ಬರು ವಿ.ಆರ್.ಡಬ್ಲ್ಯೂ.ಗಳ ಜೊತೆ ಈಗಾಗಲೇ ಹೀಗೆ ಮಾಡ್ತಿದ್ದೀನಿ. ಅವರಲ್ಲಿ ಒಬ್ಬರು, ಪೋಲಿಯೋದಿಂದ ಕಾಲು ಸೊರಗಿದವರು, ಶಿಡ್ಲಘಟ್ಟದ ಆ ಅಕ್ಕನನ್ನ ನೋಡಿ ಬಂದು ನನಗೆ ಹೇಳಿದ್ರು: "ಮೇಡಂ, ನನ್ನ ಕಾಲು ನೋಡಿದ ತಕ್ಷಣ ಬಸ್ಸಲ್ಲಿ ಸೀಟು ಬಿಟ್ಕೊಡ್ತಾರೆ. ಆಕೆಗೆ ಯಾರು ಬಿಡ್ತಾರೆ?"

ನಿಜ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, 2023ರ ಜೂನ್‌ನಿಂದ. ಆಸ್ಪತ್ರೆಗೆ ಹೋಗೋ ಖರ್ಚು ಉಳೀತು, ಬಹಳ ದೊಡ್ಡ ಸಹಾಯ. ಆದ್ರೆ ಬಸ್ಸಿನ ಮೊದಲ ಮೆಟ್ಟಿಲು ಮಂಡಿ ಎತ್ತರ. ಸೀಟಿರಲ್ಲ. ಅದಕ್ಕೂ ಒಂದು ಅಭ್ಯಾಸ ಇದೆ: ಮನೆ ಜಗಲಿ ಮೇಲೆ ಬಲವಾದ ಕಾಲು ಮೊದಲು ಹತ್ತಿಸೋದು, ಇಳಿಯುವಾಗ ವೀಕ್ ಇರೋ ಕಾಲು ಮೊದಲು. ಆ ಅಕ್ಕ ಈಗ ಅದನ್ನೇ ಕಲೀತಿದ್ದಾಳೆ. ಮುಂದಿನ ತಿಂಗಳು ನಿಮ್ಹಾನ್ಸ್‌ನಲ್ಲಿ ಅವಳ ತಪಾಸಣೆ ಇದೆ, ಮೊದಲ ಬಸ್ಸಿಗೇ ಹೋಗ್ಬೇಕು, ಬಿಸಿಲೇರೋಕೆ ಮುಂಚೆ. ಜೊತೆಗೆ ಅತ್ತೆ ಹೋಗ್ತಾರಂತೆ.

ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಯಾರು ಅಂತ ಇವತ್ತೇ ಪಂಚಾಯಿತಿ ಆಫೀಸಲ್ಲಿ ಕೇಳಿ, ನಂಬರ್ ಸೇವ್ ಮಾಡ್ಕೊಳ್ಳಿ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಎಂ.ಎಸ್. ಇದ್ರೆ ಆ ಒಂದು ವಾರದ ವಾಯ್ಸ್ ಮೆಸೇಜ್ ಲೆಕ್ಕ ನೀವೇ ಶುರು ಮಾಡಬಹುದು, ಫಿಸಿಯೋ ಸಿಕ್ಕಾಗ ಅದನ್ನ ಕೇಳಿಸಿ. ಪ್ರಶ್ನೆಗಳಿದ್ರೆ ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಕೂತು ಮಾತಾಡೋಣ.